ಕೊಳವೆಯ ಅನಿಲಕ್ಕೊಂದು ಕರಾರು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯ, ದಾಸರಹಳ್ಳಿಗಳನ್ನು ದಾಟಿದೊಡನೆ ನಾಗಸಂದ್ರ ಸಿಗುತ್ತದೆ. 2015ರ ಮೇ ತಿಂಗಳಿನಿಂದ 2024ರ ನವೆಂಬರಿನವರೆಗೆ ಮೆಟ್ರೋ ರೈಲಿನ ಹಸಿರು ಮಾರ್ಗ ಇಲ್ಲಿಗೇ ಮುಗಿಯುತ್ತಿದ್ದುದರಿಂದ, ಊರನ್ನು ಕಾಣದವರಿಗೂ ಹೆಸರು ಮಾತ್ರ ಚಿರಪರಿಚಿತ. ಈ ಬಡಾವಣೆಯ ಎಷ್ಟೋ ಮನೆಗಳು ಪೀಣ್ಯದ ಕಾರ್ಖಾನೆಗಳ ದುಡಿಮೆಯಿಂದ ಎದ್ದು ನಿಂತವು. ನಮ್ಮ ನೆರೆಮನೆಯ ಯಜಮಾನರೂ ಅಂಥವರಲ್ಲೊಬ್ಬರು. ಯಂತ್ರದ ಬಿಡಿಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಹದಗೊಳಿಸುವ ಸಣ್ಣ ಕಾರ್ಖಾನೆ ಅವರದು. ಇಪ್ಪತ್ತು ಮಂದಿ ಕೆಲಸಗಾರರ ಅನ್ನ ಆ ಕುಲುಮೆಯ ಉರಿಯಲ್ಲಿ ಬೇಯುತ್ತದೆ.

ಒಂದು ಭಾನುವಾರದ ಬೆಳಗ್ಗೆ ಅವರು ಕಾಗದಗಳ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಡೀಸೆಲ್ ಬಿಟ್ಟು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಕುಲುಮೆಯನ್ನು ಬದಲಾಯಿಸಬೇಕೆಂಬುದು ಅವರ ಯೋಚನೆ. ಹೊಗೆ ಕಡಿಮೆ, ಉರಿ ಸಮ, ಪೀಪಾಯಿ ಉರುಳಿಸುವ ಗೋಜಿಲ್ಲ. ಇಷ್ಟೆಲ್ಲ ಸರಿಯೆ. ಆದರೆ ಹೊಸ ಬರ್ನರುಗಳಿಗಾಗಿ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಡಬೇಕು. ಅದಕ್ಕೂ ಮೊದಲು ಐದು ವರ್ಷದ ಕರಾರಿಗೆ ರುಜು ಹಾಕಬೇಕು.

"ಮೇಷ್ಟ್ರೇ, ವಕೀಲರಿಗೆ ತೋರಿಸುವುದು ಇದ್ದೇ ಇದೆ. ಅದಕ್ಕೆ ಮೊದಲು ಇದರಲ್ಲಿ ಏನು ಬರೆದಿದೆಯೆಂಬುದು ನನಗೆ ಕನ್ನಡದಲ್ಲಿ ತಿಳಿಯಬೇಕು. ಒಂದು ಮಾತಂತೂ ನನ್ನ ತಲೆಗೆ ಹತ್ತುತ್ತಿಲ್ಲ. ನಾನು ಉರಿಸದ ಅನಿಲಕ್ಕೂ ಹಣ ಕೊಡಬೇಕಂತೆ!" ಎಂದರು.

ಕನ್ನಡ ಪಾಠ ಹೇಳುವವನಿಗೂ ಅನಿಲದ ವ್ಯಾಪಾರಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ. ಆದರೆ ಓದುತ್ತ ಹೋದಂತೆ, ಆ ಕಾಗದಗಳಲ್ಲಿ ಅಡಗಿದ್ದ ಪ್ರಶ್ನೆಗಳು ನಮ್ಮ ನೆಲಕ್ಕೆ ಹೊಸವಲ್ಲವೆಂಬುದು ಮನದಟ್ಟಾಯಿತು.

ಹಾಲಿನ ವರ್ತನೆ

ಉರಿಸದ ಅನಿಲಕ್ಕೆ ಹಣವೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಯಜಮಾನರ ಮನೆಯಾಕೆ. "ನಮ್ಮ ಹಾಲಿನವಳ ವರ್ತನೆಯೂ ಹಾಗೇ ಅಲ್ಲವೇ? ದಿನಕ್ಕೆ ಎರಡು ಲೀಟರೆಂದು ಹೇಳಿರುತ್ತೇವೆ. ಹೇಳದೆ ಕೇಳದೆ ಬಾಗಿಲು ಹಾಕಿಕೊಂಡು ಊರಿಗೆ ಹೋದರೆ, ತಂದ ಹಾಲನ್ನು ಅವಳು ಯಾರಿಗೆ ಸುರಿಯಬೇಕು? ತಿಂಗಳ ಲೆಕ್ಕದಲ್ಲಿ ಸೇರಿಸುತ್ತಾಳೆ. ಮೊದಲೇ ಹೇಳಿದ್ದರೆ ಬಿಡುತ್ತಾಳೆ" ಎಂದರು ಆಕೆ.

ಇದಕ್ಕಿಂತ ಚೆನ್ನಾಗಿ ವಿವರಿಸುವುದು ಯಾವ ಪಂಡಿತನಿಗೂ ಸಾಧ್ಯವಿಲ್ಲ. ದೂರದೇಶದಲ್ಲಿ ಭೂಮಿಯಿಂದ ತೆಗೆದ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಣಿಸಿ ದ್ರವವಾಗಿಸುತ್ತಾರೆ. ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ವಿಶೇಷ ಹಡಗುಗಳಲ್ಲಿ ತುಂಬಿ ತಂದು, ನಮ್ಮ ಕರಾವಳಿಯಲ್ಲಿ ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ. ಬಾವಿ, ತಣಿಸುವ ಸ್ಥಾವರ, ಹಡಗು, ಬಂದರು, ಕೊಳವೆ ಇವುಗಳಿಗೆ ಸುರಿದ ಹಣ ಹಿಂದಿರುಗಲು ದಶಕಗಳೇ ಬೇಕು. ಆದ್ದರಿಂದ ಮಾರುವವನು, "ಇಂತಿಷ್ಟನ್ನು ಕೊಂಡೇ ಕೊಳ್ಳುವೆನೆಂದು ಮಾತು ಕೊಡು; ಕೊಳ್ಳದಿದ್ದರೂ ಹಣ ಕೊಡು" ಎನ್ನುತ್ತಾನೆ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ 'ಟೇಕ್ ಆರ್ ಪೇ' ಷರತ್ತೆಂದು ಹೆಸರು. ಇದರಿಂದ ಬೆಲೆಯ ಏರಿಳಿತದ ಅಪಾಯವನ್ನು ಒಬ್ಬನೂ, ಅಳತೆಯ ಅಪಾಯವನ್ನು ಇನ್ನೊಬ್ಬನೂ ಹೊತ್ತುಕೊಂಡಂತಾಗುತ್ತದೆ.

ಹೀಗಿರಲು, ಷರತ್ತು ಇರುವುದು ಅನ್ಯಾಯವಲ್ಲ. ಹಾಲಿನವಳಿಗೆ ಮೊದಲೇ ಹೇಳುವ ಅವಕಾಶವಿರುವಂತೆ ಇಲ್ಲಿಯೂ ಕೊಳ್ಳುವವನಿಗೆ ಉಸಿರಾಡುವ ಸಂದಿ ಇದೆಯೇ ಎಂಬುದನ್ನು ನೋಡಬೇಕು.

ಕಲ್ಯಾಣದ ಪಂಡಿತನು ಕಂಡದ್ದು

ಒಂಬೈನೂರು ವರ್ಷಗಳ ಹಿಂದೆ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನಿದ್ದನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ವ್ಯಾಖ್ಯಾನ ಇಂದಿಗೂ ನ್ಯಾಯಶಾಸ್ತ್ರಜ್ಞರ ಬಾಯಲ್ಲಿದೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕೊಡುಕೊಳ್ಳುವ ಜಗಳಗಳಿಗಾಗಿಯೇ ಎರಡು ಪ್ರಕರಣಗಳಿವೆ. ಒಂದು 'ಕ್ರೀತಾನುಶಯ', ಎಂದರೆ ಕೊಂಡವನು ಆಮೇಲೆ ಪಶ್ಚಾತ್ತಾಪಪಡುವುದು. ಇನ್ನೊಂದು 'ವಿಕ್ರೀಯಾಸಂಪ್ರದಾನ', ಎಂದರೆ ಮಾರಿದವನು ಪದಾರ್ಥವನ್ನು ಕೊಡದಿರುವುದು.

ಕೊಂಡ ವಸ್ತುವನ್ನು ಪರೀಕ್ಷಿಸಲು ಸ್ಮೃತಿಕಾರನು ಅವಧಿ ಗೊತ್ತುಮಾಡಿದ್ದಾನೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಭಾರ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಆಯಾ ವಸ್ತುವಿನ ಗುಣ ಬಯಲಾಗುವುದಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಗಡುವು. ಇನ್ನು ಮಾರಿದವನ ವಿಷಯದಲ್ಲಿ, ಕೊಂಡವನು ಬಂದು ಕೇಳಿದರೂ ಕೊಡದೆ ಇಟ್ಟುಕೊಂಡ ಸರಕು ರಾಜನಿಂದಲೋ ದೈವದಿಂದಲೋ ಕೆಟ್ಟರೆ, ನಷ್ಟ ಮಾರಿದವನದೇ ಎಂದು ವಿಧಿಸಿದ್ದಾನೆ.

ಕೊಂಡವನ ಪಶ್ಚಾತ್ತಾಪ, ಮಾರಿದವನ ತಪ್ಪು, ನಡುವೆ ರಾಜ ಮತ್ತು ದೈವ! ನೈಸರ್ಗಿಕ ಅನಿಲದ ವ್ಯಾಪಾರದಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ನಮ್ಮ ದೇಶ ಕಂಡ ದೊಡ್ಡ ವ್ಯಾಜ್ಯಗಳು ಬಹುಮಟ್ಟಿಗೆ ಈ ಮಾತುಗಳಲ್ಲೇ ಅಡಗಿವೆ. ಮೂರನ್ನು ಮಾತ್ರ ನೋಡೋಣ.

ಮುರಿದುಬಿದ್ದ ಕರಾರು

ಬೆಂಗಳೂರಿಗೆ ಅನಿಲ ತರುವ ಗೇಲ್ ಸಂಸ್ಥೆಯ ಕೊಳವೆ 2013ರಲ್ಲಿ ಕೆಲಸ ಆರಂಭಿಸಿತು. ಸುಮಾರು ಸಾವಿರ ಕಿಲೋಮೀಟರ್ ಉದ್ದದ ಆ ಮಾರ್ಗದ ಇನ್ನೊಂದು ತುದಿ ಮಹಾರಾಷ್ಟ್ರದ ಕರಾವಳಿಯ ದಾಭೋಳ. ಈ ಹೆಸರನ್ನು ಕೇಳಿದೊಡನೆ ಹಿರಿಯ ವಾಚಕರಿಗೆ ಎನ್ರಾನ್ ಕಂಪೆನಿಯ ನೆನಪಾಗದೆ ಇರದು.

ದಾಭೋಳದಲ್ಲಿ ಎನ್ರಾನ್ ಮುಂದಾಳುತನದ ಕಂಪೆನಿ ತಯಾರಿಸುವ ವಿದ್ಯುತ್ತನ್ನು ಕೊಳ್ಳಲು ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಲಿ 1993ರಲ್ಲಿ ಕರಾರು ಮಾಡಿಕೊಂಡಿತು. ಕರಾರು ವಿದ್ಯುತ್ತಿನದೇ ಆದರೂ, ಮುಂದೆ ದ್ರವೀಕೃತ ಅನಿಲವನ್ನು ತಂದು ಉರಿಸುವ ಯೋಜನೆ ಅದರ ಬೆನ್ನಿಗಿತ್ತು. ಗುಣವೂ ನಮ್ಮ ಹಾಲಿನ ವರ್ತನೆಯದೇ. ವಿದ್ಯುತ್ತನ್ನು ತೆಗೆದುಕೊಳ್ಳಲಿ, ಬಿಡಲಿ, ಸ್ಥಾವರದ ಸಾಮರ್ಥ್ಯಕ್ಕಾಗಿ ಮಂಡಲಿ ನಿಗದಿಯಾದ ಹಣ ತೆರಬೇಕು. ಡಾಲರಿನ ಬೆಲೆ, ಇಂಧನದ ಬೆಲೆ ಏರಿದರೆ ಅದರ ಭಾರವೂ ಮಂಡಲಿಯದೇ. 1995ರಲ್ಲಿ ರಾಜ್ಯದಲ್ಲಿ ಸರಕಾರ ಬದಲಾಯಿತು, ಕರಾರು ರದ್ದಾಯಿತು, 1996ರಲ್ಲಿ ಮತ್ತೆ ಮಾತುಕತೆ ನಡೆದು ಹೊಸ ಕರಾರಾಯಿತು. 1999ರಲ್ಲಿ ಸ್ಥಾವರದ ಮೊದಲ ಹಂತ ನಾಫ್ತಾ ಎಣ್ಣೆಯಿಂದ ನಡೆಯತೊಡಗಿತು. ಆದರೆ ವಿದ್ಯುತ್ತಿನ ಬೆಲೆಯನ್ನು ತೆರುವ ಶಕ್ತಿ ಮಂಡಲಿಗಿರಲಿಲ್ಲ. 2001ರಲ್ಲಿ ಕೊಳ್ಳುವುದು ನಿಂತಿತು, ಸ್ಥಾವರ ಮುಚ್ಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎನ್ರಾನ್ ತಾನೇ ದಿವಾಳಿಯೆದ್ದಿತು. ಹಲವು ದೇಶಗಳಲ್ಲಿ ದಾವೆಗಳು ನಡೆದು, 2005ರಲ್ಲಿ ರತ್ನಗಿರಿ ಅನಿಲ ಮತ್ತು ವಿದ್ಯುತ್ ಕಂಪೆನಿಯೆಂಬ ಹೊಸ ಸಂಸ್ಥೆ ಕಟ್ಟಿ ಅದನ್ನು ಉಳಿಸಿಕೊಳ್ಳಬೇಕಾಯಿತು.

ಎಲ್ಲ ಭಾರವನ್ನೂ ಒಬ್ಬನ ಹೆಗಲಿಗೇ ಹೊರಿಸಿದ ಕರಾರು ಕಾಗದದ ಮೇಲೆ ಎಷ್ಟು ಬಿಗಿಯಾಗಿದ್ದರೇನು? ಹೊತ್ತವನು ಕುಸಿದಾಗ ಹೊರಿಸಿದವನಿಗೂ ಫಲವಿಲ್ಲ.

ಕೊಂಡವನ ಪಶ್ಚಾತ್ತಾಪ

ಎರಡನೆಯ ಕಥೆ ಸುಖಾಂತವಾದುದು. ಪೆಟ್ರೋನೆಟ್ ಎಂಬ ನಮ್ಮ ದೇಶದ ಕಂಪೆನಿ 1999ರಲ್ಲಿ ಕತಾರ್ ದೇಶದ ರಾಸ್‌ಗ್ಯಾಸ್ ಸಂಸ್ಥೆಯೊಡನೆ 25 ವರ್ಷಗಳ ಕರಾರು ಮಾಡಿಕೊಂಡಿತು. ಪೂರ್ಣಪ್ರಮಾಣಕ್ಕೆ ಬಂದಾಗ ವರ್ಷಕ್ಕೆ 75 ಲಕ್ಷ ಟನ್ ಅನಿಲ. 2004ರಲ್ಲಿ ಗುಜರಾತಿನ ದಹೇಜ್ ಬಂದರಿಗೆ ಮೊದಲ ಹಡಗು ಬಂತು. ಬೆಲೆಯನ್ನು ಕಚ್ಚಾ ಎಣ್ಣೆಯ ಬೆಲೆಗೆ ಗಂಟುಹಾಕಿದ್ದರು. ಅದೂ ಒಂದು ದಿನದ ಬೆಲೆಗಲ್ಲ, ಹಿಂದಿನ 60 ತಿಂಗಳುಗಳ ಸರಾಸರಿಗೆ. ಎಣ್ಣೆ ಏರುತ್ತಿದ್ದಾಗ ಇದು ಕೊಳ್ಳುವವನಿಗೆ ನೆರಳು, ಇಳಿಯುತ್ತಿದ್ದಾಗ ಬಿಸಿಲು.

2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರಿನ ಮೇಲಿದ್ದ ಎಣ್ಣೆ 2015ರ ಕೊನೆಗೆ 40 ಡಾಲರಿಗೂ ಕೆಳಗಿಳಿಯಿತು. ಆದರೆ ಐದು ವರ್ಷದ ಸರಾಸರಿ ಇಳಿಯುವುದು ಆಮೆಯ ನಡಿಗೆಯಲ್ಲಿ. ಪೇಟೆಯಲ್ಲಿ 6-7 ಡಾಲರಿಗೆ ಸಿಗುತ್ತಿದ್ದಷ್ಟು ಅನಿಲಕ್ಕೆ ಕರಾರಿನ ಪ್ರಕಾರ 12-13 ಡಾಲರ್ ಕೊಡಬೇಕಾಗಿತ್ತು. ನಮ್ಮವರು ಕರಾರಿನ ಅಳತೆಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕೊಳ್ಳದೆ ಬಿಟ್ಟರು. 'ಟೇಕ್ ಆರ್ ಪೇ' ಷರತ್ತಿನಂತೆ ತೆರಬೇಕಾದ ಮೊತ್ತ ಸುಮಾರು 12,000 ಕೋಟಿ ರೂಪಾಯಿ!

ಕತಾರಿನವರು ಪಟ್ಟುಹಿಡಿದು ದಾವೆ ಹೂಡಬಹುದಾಗಿತ್ತು, ಹೂಡಲಿಲ್ಲ. 2015ರ ಡಿಸೆಂಬರ್ 31ರಂದು ಎರಡು ಕಡೆಯವರೂ ಹಳೆಯ ಕರಾರನ್ನು ತಿದ್ದಿದರು. ಐದು ವರ್ಷದ ಸರಾಸರಿಯ ಬದಲು ಮೂರು ತಿಂಗಳ ಸರಾಸರಿ ಬಂತು. ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ದಂಡ ಮನ್ನಾ ಆಯಿತು. ಪ್ರತಿಯಾಗಿ ನಮ್ಮವರು ಬಿಟ್ಟ ಅನಿಲವನ್ನು ಮುಂದಿನ ವರ್ಷಗಳಲ್ಲಿ ಕೊಳ್ಳಲು ಒಪ್ಪಿದರು. ಮೇಲೆ ವರ್ಷಕ್ಕೆ 10 ಲಕ್ಷ ಟನ್ ಹೆಚ್ಚಾಗಿ ಕೊಳ್ಳುವ ಮಾತನ್ನೂ ಕೊಟ್ಟರು. ಈ ಸೌಜನ್ಯದಲ್ಲಿ ಲಾಭವೂ ಇತ್ತು. ಪೇಟೆ ತುಂಬ ಅಗ್ಗದ ಅನಿಲವಿರುವಾಗ ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವುದು ಮಾರುವವನಿಗೆ ಹಿತವಲ್ಲ. 2024ರ ಫೆಬ್ರವರಿಯಲ್ಲಿ ಇದೇ ವ್ಯಾಪಾರವನ್ನು 2028ರಿಂದ ಮುಂದಕ್ಕೆ ಮತ್ತೆ 20 ವರ್ಷ ನಡೆಸುವ ಕರಾರಾಯಿತು.

ಮಾರಿದವನು ಕೊಡದಿದ್ದಾಗ

ಮೂರನೆಯದು ಇದಕ್ಕೆ ವಿರುದ್ಧ. 2012ರಲ್ಲಿ ಗೇಲ್ ಸಂಸ್ಥೆ ರಷ್ಯದ ಗ್ಯಾಜ್‌ಪ್ರಾಂ ಬಳಗದ ಸಿಂಗಪುರದ ಕಂಪೆನಿಯೊಡನೆ 20 ವರ್ಷದ ಕರಾರು ಮಾಡಿಕೊಂಡಿತು. ವರ್ಷಕ್ಕೆ 25 ಲಕ್ಷ ಟನ್. 2018ರಲ್ಲಿ ಬೆಲೆಯನ್ನು ಮಾತಾಡಿ ತಿದ್ದಿದ ಮೇಲೆ ಪೂರೈಕೆ ಆರಂಭವಾಯಿತು. 2022ರಲ್ಲಿ ಉಕ್ರೇನಿನ ಯುದ್ಧ ಹೊತ್ತಿಕೊಂಡಿತು. ಆ ಸಿಂಗಪುರದ ಕಂಪೆನಿಯ ಒಡೆತನ ಜರ್ಮನಿಯಲ್ಲಿದ್ದ ಗ್ಯಾಜ್‌ಪ್ರಾಂ ಶಾಖೆಗೆ ಸೇರಿತ್ತು. ಆ ಶಾಖೆಯನ್ನು ಜರ್ಮನಿಯ ಸರಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಗೇಲ್‌ಗೆ ಬರಬೇಕಾದ ಹಡಗುಗಳು ನಿಂತುಹೋದವು. ಪೇಟೆಯಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದ ಕಾಲ ಅದು. ಗೇಲ್ ತನ್ನ ಗಿರಾಕಿಗಳಿಗೆ, ರಸಗೊಬ್ಬರದ ಕಾರ್ಖಾನೆಗಳಿಗೂ ಸಹ, ಪೂರೈಕೆಯನ್ನು ಕಡಿಮೆ ಮಾಡಬೇಕಾಯಿತು.

ಇದು ರಾಜನ ಕೃತ್ಯವೋ, ಮಾರಿದವನ ತಪ್ಪೋ? ವ್ಯಾಜ್ಯ ಲಂಡನ್ನಿನ ಮಧ್ಯಸ್ಥ ನ್ಯಾಯಮಂಡಲಿಗೆ ಹೋಯಿತು. ಗೇಲ್ ಕೇಳಿದ ಪರಿಹಾರ 181 ಕೋಟಿ ಡಾಲರಿಗೂ ಮಿಗಿಲು. 2023ರಲ್ಲಿ ಪೂರೈಕೆ ಮತ್ತೆ ಆರಂಭವಾಯಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಕೇಳಿದುದರ ಆರನೆಯ ಒಂದು ಪಾಲೂ ಇಲ್ಲವೆಂದು ಮೂಗುಮುರಿಯಬಹುದು. ಆದರೆ ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ತುಪ್ಪದ ತೀರ್ಪು

"ದೊಡ್ಡವರ ಕಥೆ ಆಯಿತು. ಬೆಲೆ ಏರಿದರೆ ನಾನೂ ಕೋರ್ಟಿಗೆ ಹೋಗಿ, ಕಾಲ ಕೆಟ್ಟಿತು, ಬಿಡಿಸಿ ಎನ್ನಬಹುದಲ್ಲವೇ?" ಎಂದು ಯಜಮಾನರು ಕೇಳಿದರು.

ಎನ್ನಬಹುದು, ಕೋರ್ಟು ಒಪ್ಪುವುದು ಕಷ್ಟ. ನಮ್ಮ 1872ರ ಕರಾರು ಕಾಯಿದೆಯ 56ನೆಯ ಕಲಮಿನ ಪ್ರಕಾರ, ಮಾಡಲು ಅಸಾಧ್ಯವಾದ ಕೆಲಸದ ಕರಾರು ತಾನಾಗಿ ಬಿದ್ದುಹೋಗುತ್ತದೆ. ಆದರೆ ಅಸಾಧ್ಯವೇ ಬೇರೆ, ದುಬಾರಿಯೇ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಏಜೆಂಟರು, ಯುದ್ಧದಿಂದ ಪರಿಸ್ಥಿತಿ ಬದಲಾಯಿತೆಂದು ಕರಾರಿನಲ್ಲಿದ್ದುದಕ್ಕಿಂತ ಹೆಚ್ಚಿನ ಹಣ ಕೇಳಿದರು. ಆ ಅಲೋಪಿ ಪರ್ಷಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1960ರಲ್ಲಿ ಅದನ್ನು ನಿರಾಕರಿಸಿತು. 2017ರಲ್ಲಿಯೂ ಅದೇ ನ್ಯಾಯ. ಇಂಡೊನೇಷ್ಯದ ಕಲ್ಲಿದ್ದಲು ದುಬಾರಿಯಾಯಿತೆಂದು ವಿದ್ಯುತ್ ಕಂಪೆನಿಗಳು ಮಾಡಿದ ವಾದಕ್ಕೆ, ಬೆಲೆಯೇರಿಕೆಯಷ್ಟರಿಂದಲೇ ಕರಾರಿನಿಂದ ಪಾರಾಗಲಾಗದೆಂದು ಅದೇ ಕೋರ್ಟು ಉತ್ತರವಿತ್ತಿತು.

ಆದುದರಿಂದ ಬೆಲೆಗೆ ಮದ್ದು ಕೋರ್ಟಿನಲ್ಲಿಲ್ಲ. ರುಜು ಹಾಕುವ ಮುಂಚೆ ಕರಾರಿನಲ್ಲೇ ಇರಬೇಕು. ಕತಾರಿನೊಡನೆ ಮೇಜಿನೆದುರು ಕುಳಿತು ಕರಾರನ್ನು ತಿದ್ದಿಸಿಕೊಳ್ಳುವ ಬಲ 75 ಲಕ್ಷ ಟನ್ ಕೊಳ್ಳುವವನಿಗುಂಟು. ಒಂದು ಕುಲುಮೆಯ ಒಡೆಯನಿಗೆ ಆ ಬಲವಿಲ್ಲ. ಅವನ ಬಲವೆಲ್ಲ ರುಜುವಿಗೆ ಮೊದಲಿನ ದಿನಗಳಲ್ಲಿದೆ.

ರುಜುವಿಗೆ ಮುನ್ನ

ಅಂದು ನಾವಿಬ್ಬರೂ ಕಾಗದ, ಪೆನ್ಸಿಲು ಹಿಡಿದು ಕುಳಿತು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದೆವು.

ಮೊದಲನೆಯದು, ಕೊಳ್ಳಲೇಬೇಕಾದ ಕನಿಷ್ಠದ ಲೆಕ್ಕ ತಿಂಗಳಿಗೋ, ವರ್ಷಕ್ಕೋ? ಇದರಲ್ಲೇನು ಮಹಾ ವ್ಯತ್ಯಾಸವೆಂದು ಕೇಳಬೇಡಿ. ದಿನಕ್ಕೆ 1,000 ಘನಮೀಟರಿನ ಕರಾರು, ಕನಿಷ್ಠ ನೂರಕ್ಕೆ 80 ಎಂದಿಟ್ಟುಕೊಳ್ಳೋಣ. ಆರ್ಡರುಗಳಿಲ್ಲದೆ 30 ದಿನಗಳ ಎರಡು ತಿಂಗಳು ಅರ್ಧ ಅನಿಲವಷ್ಟೇ ಉರಿಯಿತು. ಉಳಿದ 305 ದಿನ ಪೂರ್ತಿ ಉರಿಯಿತು. ವರ್ಷದ ಲೆಕ್ಕದಲ್ಲಿ ಕನಿಷ್ಠ 2,92,000, ಉರಿಸಿದ್ದು 3,35,000. ಕಾಸೂ ದಂಡವಿಲ್ಲ. ತಿಂಗಳ ಲೆಕ್ಕವಾದರೆ ಆ ಎರಡು ತಿಂಗಳುಗಳಲ್ಲಿ ತಲಾ 24,000ದ ಕನಿಷ್ಠಕ್ಕೆ 15,000 ಮಾತ್ರ ಉರಿದಿದೆ. ಹಾಗಾಗಿ ಮುಟ್ಟದ 18,000 ಘನಮೀಟರಿಗೆ ಹಣ ತೆರಬೇಕು. ಕುಲುಮೆ ಅದೇ, ಉರಿ ಅದೇ. ಒಂದು ಪದದ ವ್ಯತ್ಯಾಸ ಅಷ್ಟೆ.

ಎರಡನೆಯದು, ಹಣ ತೆತ್ತೂ ಉರಿಸದ ಅನಿಲವನ್ನು ಮುಂದೆ ಪಡೆಯುವ ಹಕ್ಕುಂಟೇ? ಉಂಟಾದರೆ ಎಷ್ಟು ಕಾಲದೊಳಗೆ, ಯಾವ ಬೆಲೆಗೆ?

ಮೂರನೆಯದು, ಬೆಲೆ ಯಾವುದಕ್ಕೆ ಗಂಟುಬಿದ್ದಿದೆ? ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ಮಿತಿಮೀರಿ ಏರಿದರೆ ಕುಳಿತು ಮಾತಾಡುವ ಅಥವಾ ಕರಾರಿನಿಂದ ಹೊರಬರುವ ದಾರಿಯುಂಟೇ?

ನಾಲ್ಕನೆಯದು, ಅಳತೆ. ಮೀಟರು ಅಳೆಯುವುದು ಗಾತ್ರವನ್ನು. ಕುಲುಮೆಗೆ ಬೇಕಾದದ್ದು ಶಾಖ. ಲೋಕದ ಪೇಟೆಯಲ್ಲಿ ಅನಿಲವನ್ನು ಮಾರುವುದು ಶಾಖದ ಲೆಕ್ಕದಲ್ಲಿ. ಅದರ ಒಂದು ಮಾನ ಸುಮಾರು 2,52,000 ಕಿಲೋ ಕ್ಯಾಲೊರಿ. ಬಿಲ್ಲು ಯಾವ ಲೆಕ್ಕದಲ್ಲಿ ಬರುತ್ತದೆ, ಮೀಟರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ, ತಪ್ಪು ಕಂಡರೆ ಹಿಂದಿನ ಎಷ್ಟು ದಿನಗಳ ಲೆಕ್ಕ ತಿದ್ದುತ್ತಾರೆ?

ಐದನೆಯದು, ರಾಜ ಮತ್ತು ದೈವ. ಹಡಗು ಬಾರದೆ, ಕೊಳವೆ ಒಡೆದು ಅನಿಲ ನಿಂತರೆ ಮಾರುವವನಿಗೆ ಮಾಫಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪ್ರವಾಹ, ಮುಷ್ಕರ, ಸರಕಾರದ ಅಪ್ಪಣೆಯಿಂದ ಕಾರ್ಖಾನೆಯೇ ಮುಚ್ಚಿದರೆ ಕೊಳ್ಳುವವನಿಗೂ ಅದೇ ಮಾಫಿ ಉಂಟೇ? ಎಷ್ಟು ದಿನದೊಳಗೆ ಕಾಗದ ಬರೆದು ತಿಳಿಸಬೇಕು? 2020ರ ಲಾಕ್‌ಡೌನನ್ನು ಕಂಡವರಿಗೆ ಈ ಪ್ರಶ್ನೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಯದು, ಜಗಳವಾದರೆ ಪಂಚಾಯಿತಿ ಎಲ್ಲಿ, ಪಂಚರು ಯಾರು? ಮಧ್ಯಸ್ಥಿಕೆಗೆ 1996ರ ಕಾಯಿದೆಯಿದೆ. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿಯುಳ್ಳವನು ಒಂಟಿ ಮಧ್ಯಸ್ಥನನ್ನು ತಾನೇ ನೇಮಿಸುವುದು ಸಲ್ಲದೆಂದು ಸುಪ್ರೀಂ ಕೋರ್ಟು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಮೊಕದ್ದಮೆಯಲ್ಲಿ ಹೇಳಿದೆ. ನಾಗಸಂದ್ರದವನು ಪಂಚಾಯಿತಿಗಾಗಿ ದೂರದ ಊರಿಗೆ ಅಲೆಯಬೇಕಾದರೆ, ನ್ಯಾಯಕ್ಕಿಂತ ಪ್ರಯಾಣದ ಖರ್ಚೇ ಹೆಚ್ಚಾದೀತು. ಸ್ಥಳ ಬೆಂಗಳೂರೆಂದೇ ಇರಲಿ. ಮಧ್ಯಸ್ಥಿಕೆಗೂ ಮೊದಲು ಇಷ್ಟು ದಿನ ಕುಳಿತು ಮಾತಾಡತಕ್ಕದ್ದೆಂಬ ಷರತ್ತೂ ಇರಲಿ. ಆ ದಿನಗಳಲ್ಲಿ ಪೂರೈಕೆ ನಿಲ್ಲಕೂಡದೆಂಬ ಮಾತು ಅದರ ಜೊತೆಗಿರಲಿ.

ಪಟ್ಟಿ ಮುಗಿಯುವ ವೇಳೆಗೆ ಮಧ್ಯಾಹ್ನವಾಗಿತ್ತು. ಯಜಮಾನರು ಅದನ್ನು ಮಡಿಸಿ ಜೇಬಿಗಿಟ್ಟು ವಕೀಲರ ಬಳಿಗೆ ಹೋದರು. ಆಮೇಲೆ ಎರಡು ವಾರ ಪತ್ರವ್ಯವಹಾರ ನಡೆಯಿತು. ಕೇಳಿದುದೆಲ್ಲ ಸಿಗಲಿಲ್ಲ. ಬೆಲೆಯ ವಿಷಯದಲ್ಲಿ ಒಂದಕ್ಷರವೂ ಅಲ್ಲಾಡಲಿಲ್ಲ. ಆದರೆ ಕನಿಷ್ಠದ ಲೆಕ್ಕ ವರ್ಷಕ್ಕೆ ಬಂತು. ಕರಾರಿನ ಅಳತೆಯನ್ನು ಯಜಮಾನರು ತಾವಾಗಿಯೇ ಇಳಿಸಿ, ಮೂರು ಕುಲುಮೆಗಳಲ್ಲಿ ಎರಡನ್ನು ಮಾತ್ರ ಅನಿಲಕ್ಕೆ ಒಪ್ಪಿಸಿದರು. ಒಂದು ಹಳೆಯ ಕುಲುಮೆ ಡೀಸೆಲಿನಲ್ಲೇ ಉಳಿಯಿತು. ಸಾಲವೂ ಅಷ್ಟಕ್ಕೆ ತಗ್ಗಿತು.

ರುಜು ಹಾಕಿದ ಸಂಜೆ ಯಜಮಾನರ ಮನೆಯಾಕೆ ನಮ್ಮ ಮನೆಗೆ ಹೋಳಿಗೆ ಕಳುಹಿಸಿದರು. ತಂದುಕೊಟ್ಟ ಯಜಮಾನರು ಹೊಸಿಲಲ್ಲಿ ನಿಂತು, "ಮೇಷ್ಟ್ರೇ, ಇಪ್ಪತ್ತೈದು ವರ್ಷ ಬೆಂಕಿಯ ಮುಂದೆ ನಿಂತಿದ್ದೇನೆ. ಕಾಗದದ ಮುಂದೆ ಇಷ್ಟು ಬೆವರಿದ್ದು ಇದೇ ಮೊದಲು" ಎಂದು ನಕ್ಕರು.

ಮನೆ ಬಾಡಿಗೆಯಿಂದ ಹಿಡಿದು ಮಗನ ನೌಕರಿಯವರೆಗೆ ನಾವೆಲ್ಲರೂ ಎಷ್ಟೋ ಕಾಗದಗಳಿಗೆ ಓದದೆ ರುಜು ಹಾಕುತ್ತೇವೆ. ಮುಂದಿನ ಸಲ ಲೇಖನಿ ಎತ್ತುವ ಮುನ್ನ ವಾಚಕರು ಯಜಮಾನರ ಬೆವರನ್ನೂ, ಆಕೆಯ ಹಾಲಿನ ಲೆಕ್ಕವನ್ನೂ ಒಮ್ಮೆ ನೆನೆದುಕೊಂಡರೆ ಈ ಲೇಖನದ ಶ್ರಮ ಸಾರ್ಥಕವಾದೀತು.